ಪ್ರಿಯಾನ್ ಇಲ್ಲದ ಇಲಿಯ ಸಾಕ್ಷ್ಯ

ಜೀವಕೋಶದಲ್ಲಿ ಒಂದು ಪ್ರೋಟೀನಿನ ಕೆಲಸವೇನೆಂದು ತಿಳಿಯಲು ಜೀವಶಾಸ್ತ್ರಜ್ಞರು ಮೂರು ದಶಕಗಳಿಂದ ಹಿಡಿದಿರುವ ನೇರ ದಾರಿಯೆಂದರೆ, ಅದು ಇಲ್ಲದ ಇಲಿಯನ್ನು ಹುಟ್ಟಿಸಿ ನೋಡುವುದು. ಭ್ರೂಣದ ಕಾಂಡಕೋಶದಲ್ಲಿ ಆ ಪ್ರೋಟೀನಿನ ಜೀನನ್ನು ಕೆಡಿಸಿ, ಅದರಿಂದ ಮರಿ ಪಡೆದು, ತಳಿ ಬೆಳೆಸಿ, ಊನ ಎಲ್ಲಿ ಕಾಣುತ್ತದೆಂದು ಹುಡುಕುತ್ತಾರೆ. ಈ ‘ನಾಕೌಟ್ ಇಲಿ’ಯ ವಿಧಾನಕ್ಕಾಗಿ ಮಾರಿಯೊ ಕ್ಯಾಪೆಕಿ, ಮಾರ್ಟಿನ್ ಇವಾನ್ಸ್ ಮತ್ತು ಆಲಿವರ್ ಸ್ಮಿತೀಸ್ ಅವರಿಗೆ 2007ರ ವೈದ್ಯಕೀಯ ನೊಬೆಲ್ ಬಂತು. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಆವರಣದಲ್ಲೂ ಇಂಥ ಇಲಿಗಳನ್ನು ರೂಪಿಸುವ ಘಟಕವಿದೆ. ಆದರೂ ಈ ಇಲಿಗಳ ಸಾಕ್ಷ್ಯವನ್ನು ಎಷ್ಟು ನಂಬಬೇಕೆಂಬ ತಕರಾರು ತೀರಿಲ್ಲ. ನಂಬುವವರೂ ಶಂಕಿಸುವವರೂ ತಮ್ಮ ತಮ್ಮ ವಾದಕ್ಕೆ ಎಳೆದು ತರಬಹುದಾದ ಪ್ರೋಟೀನೊಂದಿದೆ: ಪ್ರಿಯಾನ್.

ಇದು ನಮ್ಮೆಲ್ಲರ ನರಕೋಶಗಳ ಹೊರಮೈಯಲ್ಲಿ ಇರುವಂಥದ್ದೇ. ಆದರೆ ತಪ್ಪಾಗಿ ಮಡಚಿಕೊಂಡರೆ ಕುರಿಗಳಲ್ಲಿ ಸ್ಕ್ರೇಪಿ, ದನಗಳಲ್ಲಿ ಹುಚ್ಚು ಹಸು ರೋಗ, ಮನುಷ್ಯರಲ್ಲಿ ಕ್ರಾಯಿಟ್ಸ್‌ಫೆಲ್ಟ್–ಯಾಕೋಬ್ ರೋಗ ಬರುತ್ತದೆ. ಬಂದ ಮೇಲೆ ಸಾವೇ. ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ, ಬರೀ ಪ್ರೋಟೀನೇ ಈ ಸೋಂಕನ್ನು ಹರಡುತ್ತದೆ ಎಂದು 1982ರಲ್ಲಿ ಸ್ಟ್ಯಾನ್ಲಿ ಪ್ರೂಸಿನರ್ ಹೇಳಿದಾಗ ಬಹಳ ಮಂದಿ ಒಪ್ಪಲಿಲ್ಲ. ಡಿಎನ್ಎಯೇ ಇಲ್ಲದೆ ಸೋಂಕು ಬೆಳೆಯುವುದು ಹೇಗೆ?

1992ರಲ್ಲಿ ಜೂರಿಕ್‌ನ ಚಾರ್ಲ್ಸ್ ವೈಸ್ಮನ್ ಅವರ ತಂಡ ಪ್ರಿಯಾನ್ ಜೀನು ಕೆಡಿಸಿದ ಇಲಿಗಳನ್ನು ಪ್ರಕಟಿಸಿತು. ಅವು ಆರೋಗ್ಯವಾಗಿ ಹುಟ್ಟಿದವು, ಬೆಳೆದವು, ಮರಿ ಹಾಕಿದವು. ಮರುವರ್ಷ ಅದೇ ಇಲಿಗಳ ಮೆದುಳಿಗೆ ಸ್ಕ್ರೇಪಿ ಸೋಂಕು ಚುಚ್ಚಿದರು. ಸಾಮಾನ್ಯ ಇಲಿಗಳು ಸುಮಾರು ಆರು ತಿಂಗಳಿಗೆ ಸತ್ತವು. ಪ್ರಿಯಾನ್ ಇಲ್ಲದವುಗಳಿಗೆ ರೋಗದ ಸುಳಿವೂ ಇರಲಿಲ್ಲ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಉಳಿದಿದ್ದ ಇಲಿಗಳಿಗೆ ರೋಗ ಬಂತು, ಆದರೆ ಬಹಳ ತಡವಾಗಿ. ಪ್ರೂಸಿನರ್ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಆ ಕಾಲದಲ್ಲಿ ಸಿಕ್ಕಿರಲಿಲ್ಲ. 1997ರಲ್ಲಿ ಅವರಿಗೆ ನೊಬೆಲ್ ಬಂತು.

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ ಇಂಥ ಉತ್ತರ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಮೆದುಳಿನಲ್ಲಿ ಬೆಳೆಯುವ ರೋಗಕ್ಕೆ ಮೆದುಳುಳ್ಳ ಪ್ರಾಣಿಯೇ ಬೇಕು. 1996ರಲ್ಲಿ ಆಡ್ರಿಯಾನೊ ಅಗುಟ್ಸಿ ಅವರ ತಂಡ ಪ್ರಿಯಾನ್ ಇರುವ ಮೆದುಳಿನ ತುಣುಕನ್ನು ಪ್ರಿಯಾನ್ ಇಲ್ಲದ ಇಲಿಯ ಮೆದುಳಿಗೆ ಕಸಿಮಾಡಿ ಸೋಂಕು ಹಚ್ಚಿತು. ಕಸಿಯ ಭಾಗ ರೋಗಕ್ಕೆ ತುತ್ತಾಯಿತು, ಸುತ್ತಲಿನ ಮೆದುಳು ಕೆಡಲಿಲ್ಲ. ಎಂದರೆ ಕೆಟ್ಟ ಪ್ರೋಟೀನು ಪಕ್ಕದಲ್ಲಿದ್ದ ಮಾತ್ರಕ್ಕೆ ನರಕೋಶ ಸಾಯದು; ಆ ಕೋಶ ತನ್ನದೇ ಪ್ರಿಯಾನನ್ನು ತಯಾರಿಸುತ್ತಿರಬೇಕು. 2003ರಲ್ಲಿ ಲಂಡನ್ನಿನ ಜೊವಾನ್ನಾ ಮಲ್ಲೂಚಿ ತಂಡ ಇನ್ನೂ ಮುಂದೆ ಹೋಗಿ, ಆಗಲೇ ಸೋಂಕು ತಗುಲಿದ ಇಲಿಗಳ ನರಕೋಶಗಳಲ್ಲಿ ಜೀನನ್ನು ನಡುವೆಯೇ ನಿಲ್ಲಿಸಿತು. ರೋಗದ ಮೊದಲ ಗಾಯಗಳು ಮಾಯ್ದವು. ಇವತ್ತು ಪ್ರಿಯಾನ್ ರೋಗಕ್ಕೆ ಔಷಧ ಹುಡುಕುವವರು ಈ ಫಲಿತಾಂಶವನ್ನೇ ನೆಚ್ಚಿಕೊಂಡಿದ್ದಾರೆ.

ಇಷ್ಟು ವಾದದ ಒಂದು ಮಗ್ಗುಲು. ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ: ರೋಗದ ಮಾತು ಬಿಟ್ಟು, ಆರೋಗ್ಯವಂತ ಕೋಶದಲ್ಲಿ ಪ್ರಿಯಾನಿಗೆ ಏನು ಕೆಲಸ? ಇಲ್ಲಿ ಇಲಿ ತಡವರಿಸುತ್ತದೆ. ಅದು ಇಲ್ಲದೆಯೂ ಇಲಿ ಚೆನ್ನಾಗಿದೆಯೆಂದರೆ ಕೆಲಸವೇ ಇಲ್ಲವೆಂದು ಅರ್ಥವೇ? ದೊಡ್ಡ ಸೊಸೆ ತವರಿಗೆ ಹೋದ ದಿನವೂ ಕೂಡುಕುಟುಂಬದ ಒಲೆ ಉರಿಯುತ್ತದೆ. ಅದರಿಂದ ಆಕೆ ಅಡುಗೆಮನೆಗೆ ಕಾಲೇ ಇಡುವವಳಲ್ಲ ಎಂದು ತೀರ್ಮಾನಿಸಲಾಗದು. ಭ್ರೂಣದಿಂದಲೇ ಇಲ್ಲದ ಪ್ರೋಟೀನಿನ ಕೆಲಸವನ್ನು ಬೇರೆ ಪ್ರೋಟೀನುಗಳು ವಹಿಸಿಕೊಳ್ಳುತ್ತವೆ ಎಂಬುದು ಶಂಕಿಸುವವರ ಹಳೆಯ ವಾದ. ಈ ವಾದವನ್ನು ಎಲ್ಲ ಕಡೆ ಬಳಸುವುದೂ ಸೋಮಾರಿತನವೇ ಎನ್ನಬೇಕು. ಮಲ್ಲೂಚಿ ತಂಡವೇ 2002ರಲ್ಲಿ, ಆಗಲೇ ಹುಟ್ಟಿ ಬೆಳೆದಿದ್ದ ಇಲಿಗಳ ನರಕೋಶಗಳಿಂದ ಪ್ರಿಯಾನನ್ನು ತೆಗೆದುಹಾಕಿತ್ತು. ಭ್ರೂಣಕಾಲದ ಹೊಂದಾಣಿಕೆಗೆ ಅಲ್ಲಿ ಎಡೆಯಿರಲಿಲ್ಲ. ಆದರೂ ಇಲಿಗಳು ಗಟ್ಟಿಯಾಗಿಯೇ ಇದ್ದವು.

ಇದಕ್ಕಿಂತ ಕಸಿವಿಸಿಯ ಕಥೆ ನಾಗಸಾಕಿಯದು. 1996ರಲ್ಲಿ ಅಲ್ಲಿನ ತಂಡ ತಾನೇ ತಯಾರಿಸಿದ ಪ್ರಿಯಾನ್ ರಹಿತ ಇಲಿಗಳ ಬಗ್ಗೆ ಬರೆಯಿತು: ವಯಸ್ಸಾದಂತೆ ಅವು ತೂರಾಡುತ್ತವೆ, ಕಿರುಮೆದುಳಿನ ಪರ್ಕಿಂಜೆ ಕೋಶಗಳು ಸಾಯುತ್ತವೆ. ಜೂರಿಕ್‌ನ ಇಲಿಗಳಿಗೋ ಇದೊಂದೂ ಇಲ್ಲ. ಒಂದೇ ಜೀನು, ಎರಡು ಉತ್ತರ. ನಾಗಸಾಕಿಯವರು ವಿಧಿವತ್ತಾಗಿ ಪರೀಕ್ಷಿಸಿದರು: ಪ್ರಿಯಾನ್ ಜೀನನ್ನು ಮರಳಿ ಕೊಟ್ಟರೆ ತೂರಾಟ ನಿಂತಿತು. ಎಲ್ಲ ಪಠ್ಯಪುಸ್ತಕಗಳೂ ಕೇಳುವ ಪುರಾವೆ ಇದೇ. ಆದರೂ ತೀರ್ಮಾನ ತಪ್ಪಾಗಿತ್ತು. 1999ರ ಹೊತ್ತಿಗೆ ಅಸಲು ಕಾರಣ ಸಿಕ್ಕಿತು. ಜೀನನ್ನು ಕತ್ತರಿಸುವಾಗ ಅಗತ್ಯಕ್ಕಿಂತ ಹೆಚ್ಚು ಭಾಗ ಹೋಗಿತ್ತು. ಹಾಗಾಗಿ ಪಕ್ಕದಲ್ಲೇ ಇರುವ ಡಾಪಲ್ ಎಂಬ ಜೀನು, ಮೆದುಳಿನಲ್ಲಿ ಸುಮ್ಮನಿರಬೇಕಾದದ್ದು, ಅಲ್ಲಿ ಚಾಲೂ ಆಗಿತ್ತು. ಕೋಶಗಳನ್ನು ಕೊಂದದ್ದು ಪ್ರಿಯಾನಿನ ಕೊರತೆಯಲ್ಲ, ಡಾಪಲ್. ಪ್ರಿಯಾನ್ ಡಾಪಲ್ಲಿನ ವಿಷವನ್ನು ತಡೆಯುತ್ತದಾದ್ದರಿಂದ ಮರಳಿ ಕೊಟ್ಟಾಗ ಗುಣ ಕಂಡಿತು, ಅಷ್ಟೆ.

ಅಗಲವಾಗಿ ಕತ್ತರಿಸದಿದ್ದರೂ ಗಂಡಾಂತರ ತಪ್ಪದು. ಆ ಕಾಲದ ಕಾಂಡಕೋಶಗಳು ಹೆಚ್ಚಾಗಿ ‘129’ ಎಂಬ ತಳಿಯವು. ಮರಿಗಳನ್ನು ಕಪ್ಪು ಇಲಿಯ ತಳಿಗೆ ಹತ್ತು ತಲೆಮಾರು ಕೂಡಿಸಿದರೆ ಉಳಿದೆಲ್ಲ ಜೀನುಗಳು ಹೆಚ್ಚುಕಡಿಮೆ ಕಪ್ಪು ಇಲಿಯವಾಗುತ್ತವೆ. ಕೆಡಿಸಿದ ಜೀನಿನ ಅಕ್ಕಪಕ್ಕದ ತುಂಡು ಮಾತ್ರ ‘129’ರದ್ದೇ ಉಳಿಯುತ್ತದೆ, ಏಕೆಂದರೆ ಪ್ರತಿ ತಲೆಮಾರಿನಲ್ಲೂ ನಾವು ಆರಿಸಿ ಉಳಿಸಿಕೊಳ್ಳುವುದು ಅದನ್ನೇ. ಪ್ರಿಯಾನ್ ಇಲ್ಲದ ಇಲಿಯ ಭಕ್ಷಕ ಕೋಶಗಳು ಸತ್ತ ಕೋಶಗಳನ್ನು ಹೆಚ್ಚು ನುಂಗುತ್ತವೆ ಎಂದು ಒಮ್ಮೆ ವರದಿಯಾಗಿತ್ತು. ಅದು ಪ್ರಿಯಾನಿನ ಕೆಲಸವಲ್ಲ, ಆ ಅಕ್ಕಪಕ್ಕದ ತುಂಡಿನಲ್ಲಿ ಉಳಿದಿದ್ದ ಸರ್ಪ್-ಆಲ್ಫಾ ಎಂಬ ಇನ್ನೊಂದು ಜೀನಿನ ತಳಿಭೇದ ಎಂದು 2013ರಲ್ಲಿ ಜೂರಿಕ್‌ನವರೇ ತೋರಿಸಿದರು. ಇದು ಪ್ರಿಯಾನಿಗಷ್ಟೇ ಅಂಟಿದ ಪೀಡೆಯಲ್ಲ. ಕ್ಯಾಸ್ಪೇಸ್-1 ಎಂಬ ಪ್ರೋಟೀನು ಇಲ್ಲದವೆಂದು ವರ್ಷಗಟ್ಟಲೆ ಬಳಸಿದ ಇಲಿಗಳಲ್ಲಿ ಕ್ಯಾಸ್ಪೇಸ್-11 ಕೂಡ ಇರಲಿಲ್ಲವೆಂದು 2011ರಲ್ಲಿ ಬಯಲಾಯಿತು. ಅಲ್ಲೂ ಕಾರಣ ‘129’ ತಳಿಯೇ.

ಇಷ್ಟಾದ ಮೇಲೂ ಇಲಿಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪ್ರಿಯಾನ್ ಇಲ್ಲದ ಇಲಿಗಳಿಗೆ ವಯಸ್ಸಾದಾಗ ಕೈಕಾಲಿನ ನರಗಳ ಮಯಲಿನ್ ಹೊದಿಕೆ ಹಾಳಾಗುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಒಂದಲ್ಲ, ಬೇರೆ ಬೇರೆ ಕಡೆ ತಯಾರಾದ ತಳಿಗಳಲ್ಲೂ ಅದು ಕಂಡಿತು. 2016ರಲ್ಲಿ ಶುದ್ಧ ಕಪ್ಪು ತಳಿಯಲ್ಲೇ, ನೆರೆಯ ಜೀನುಗಳ ಕಲಬೆರಕೆಯಿಲ್ಲದೆ, ಹೊಸ ಇಲಿ ತಯಾರಾಯಿತು. ಅದರಲ್ಲೂ ಇದೇ ತೊಂದರೆ. ಅದೇ ವರ್ಷ ಪ್ರಿಯಾನಿನ ಒಂದು ತುದಿ, ಆ ಹೊದಿಕೆಯನ್ನು ಹೆಣೆಯುವ ಶ್ವಾನ್ ಕೋಶಗಳ ಮೇಲಿನ ಯಾವ ಗ್ರಾಹಕವನ್ನು ಚುರುಕುಗೊಳಿಸುತ್ತದೆಂಬುದೂ ತಿಳಿಯಿತು. ಆರೋಗ್ಯವಂತ ದೇಹದಲ್ಲಿ ಪ್ರಿಯಾನಿನ ಕೆಲಸಗಳಲ್ಲಿ ಒಂದಾದರೂ ಹೀಗೆ ಗಟ್ಟಿಯಾಯಿತು. ಮೊದಲ ಇಲಿಯಿಂದ ಇಲ್ಲಿಗೆ ಇಪ್ಪತ್ತನಾಲ್ಕು ವರ್ಷ ಹಿಡಿಯಿತು ಎಂಬುದನ್ನು ಮರೆಯಬಾರದು.

ಖರ್ಚಿನ ಲೆಕ್ಕವೂ ಇದೆ. ಒಂದು ತಳಿಯನ್ನು ನೆಲೆಗೊಳಿಸುವಾಗ ಹುಟ್ಟುವ ಮರಿಗಳಲ್ಲಿ ಬಹಳಷ್ಟು ಯಾವ ಪ್ರಯೋಗಕ್ಕೂ ಬಾರದೆ ಸಾಯುತ್ತವೆ. ಒಳ್ಳೆಯ ತಳಿ ಬೇಕೆಂದರೆ ಇನ್ನಷ್ಟು ಇಲಿ ಬೇಕು. ಮನುಷ್ಯರ ಕೋಶಗಳಲ್ಲೇ, ಜೀನು ತಿದ್ದುವ ಸಾಧನವಾದ ಕ್ರಿಸ್ಪರ್‌ನಿಂದ ಜೀನನ್ನು ಕತ್ತರಿಸಲು ಬರುವಾಗ, ಒಂಟಿ ಕೋಶದೊಳಗಿನ ಪ್ರಶ್ನೆಗೆ ಮೊದಲೇ ಇಲಿಯ ಬಳಿ ಓಡುವುದು ನನಗೆ ಸರಿಕಾಣುವುದಿಲ್ಲ. ಇಲಿ ಮನುಷ್ಯನೂ ಅಲ್ಲ: ಸಿಸ್ಟಿಕ್ ಫೈಬ್ರೋಸಿಸ್‌ನ ಜೀನು ಕೆಡಿಸಿದ ಇಲಿಗಳಿಗೆ ಕರುಳಿನ ತೊಂದರೆ ಬಂತು, ಮನುಷ್ಯರನ್ನು ಕೊಲ್ಲುವ ಶ್ವಾಸಕೋಶದ ರೋಗ ಬರಲಿಲ್ಲ.

ಹಾಗಾದರೆ ಯಾವಾಗ ನಂಬಬಹುದು? ಪ್ರಿಯಾನ್ ಪ್ರೋಟೀನನ್ನು ತಗ್ಗಿಸುವ ಔಷಧವೊಂದನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚುವ ಪ್ರಯೋಗ ರೋಗಿಗಳ ಮೇಲೆ ಈಗ ನಡೆದಿದೆ. ಅದನ್ನು ತಗ್ಗಿಸಿದರೆ ಅಪಾಯವಿಲ್ಲವೆಂಬ ಧೈರ್ಯಕ್ಕೆ ಇಲಿಯೊಂದೇ ಆಧಾರವಲ್ಲ. ಪ್ರಿಯಾನ್ ಇಲ್ಲದ ದನಗಳನ್ನು ಹುಟ್ಟಿಸಿದ ವರದಿ 2007ರಲ್ಲಿ ಬಂತು; ಅವು ಆರೋಗ್ಯವಾಗಿದ್ದವು. ನಾರ್ವೆಯಲ್ಲಿ ಸಹಜವಾಗಿಯೇ ಪ್ರಿಯಾನ್ ಇಲ್ಲದ ಆಡುಗಳು ಸಿಕ್ಕವು. ಜೀನಿನ ಒಂದು ಪ್ರತಿ ಕೆಟ್ಟಿರುವ ಮನುಷ್ಯರೂ ಆರೋಗ್ಯವಾಗಿರುವುದು 2016ರಲ್ಲಿ ವರದಿಯಾಯಿತು. ಇಲಿಯ ಮಾತಿಗೆ ದನ, ಆಡು, ಮನುಷ್ಯ ಎಲ್ಲರೂ ಹೂಂಗುಟ್ಟಿದರು. ಅಷ್ಟು ಸಾಕ್ಷಿಗಳಿಲ್ಲದಾಗ ಕನಿಷ್ಠ ಎರಡು ಬೇರೆ ಪ್ರಯೋಗಾಲಯಗಳ, ಬೇರೆ ಬೇರೆಯಾಗಿ ಕತ್ತರಿಸಿದ ಇಲಿಗಳಾದರೂ ಒಂದೇ ಮಾತು ಹೇಳಬೇಕು. ಒಂದೇ ತಳಿಯ ಇಲಿ ತೋರಿಸಿ ಪ್ರೋಟೀನಿನ ಕೆಲಸ ಪತ್ತೆಯಾಯಿತೆನ್ನುವ ಸುದ್ದಿ ಓದಿದರೆ, ಇನ್ನೊಂದು ತಳಿಯ ಫಲಿತಾಂಶ ಬರುವವರೆಗೆ ನಂಬದೆ ಕಾಯಿರಿ.