ಹಿಂಜುವ ಹಾಸಿಗೆ, ಎಸೆಯುವ ಹಾಸಿಗೆ

ಕೈಕಸುಬೊಂದು ಅಳಿದಾಗ ‘ಕಾಲ ಬದಲಾಯಿತು’ ಎಂದು ನಿಟ್ಟುಸಿರಿಡುವುದು ರೂಢಿ. ಕಾಲ ತಾನಾಗಿ ಯಾವ ಕಸುಬನ್ನೂ ಕೊಲ್ಲುವುದಿಲ್ಲ, ಕೊಲ್ಲುವುದು ನೀತಿ. ಜಪಾನಿನ ಹತ್ತಿ ಹಾಸಿಗೆ ‘ಫುಟಾನ್’ ಇದಕ್ಕೆ ಸಾಕ್ಷಿ.

ಫುಟಾನ್ ಕುಶಲಕರ್ಮಿ ಹಿಂಜಿದ ಅರಳೆಯನ್ನು ತೆಳುವಾದ ಪದರಗಳಾಗಿ ಹರಡುತ್ತಾನೆ. ಮೈಭಾರ ಬೀಳುವ ನಡುಭಾಗವನ್ನು ದಪ್ಪವಾಗಿಸಿ, ಮೂಲೆಗಳನ್ನು ತುಂಬಿ, ಬಟ್ಟೆಯ ಗವಸಿನೊಳಗೆ ಸೇರಿಸಿ, ಅರಳೆ ಸರಿಯದಂತೆ ಅಲ್ಲಲ್ಲಿ ದಾರ ಹಾಕಿ ಬಿಗಿಯುತ್ತಾನೆ. ವರ್ಷಗಳ ಬಳಕೆಯಿಂದ ಹಾಸಿಗೆ ಗಟ್ಟಿಯಾದರೆ ಬಿಚ್ಚಿ, ಹಿಂಜಿ, ಒಂದಿಷ್ಟು ಹೊಸ ಹತ್ತಿ ಬೆರೆಸಿ ಮತ್ತೆ ಕಟ್ಟುತ್ತಾನೆ. ಇದಕ್ಕೆ ‘ಉಚಿನಾವೊಶಿ’ ಎಂದು ಹೆಸರು. ಉತ್ತರ ಕರ್ನಾಟಕದ ಪಿಂಜಾರರು ಹಳೆಯ ಗಾದಿಗೆ ಮರುಜೀವ ಕೊಡುವುದೂ ಇದೇ ವಿವೇಕದಿಂದ.

ಈ ಕಸುಬಿಗೆ ಮೊದಲ ಏಟು ಬಿದ್ದದ್ದು ಹೊಲದಲ್ಲಿ. ನೂಲಿನ ಗಿರಣಿಗಳ ಅನುಕೂಲಕ್ಕಾಗಿ ಜಪಾನ್ 1896ರಲ್ಲಿ ಕಚ್ಚಾ ಹತ್ತಿಯ ಆಮದು ಸುಂಕವನ್ನು ತೆಗೆದುಹಾಕಿತು. ಅಲ್ಲಿನ ರೈತರ ಹತ್ತಿ ಬೇಸಾಯ ಕುಸಿಯಿತು. ಬಳಿಕ ಫುಟಾನ್ ಆಮದು ಹತ್ತಿಯನ್ನು, ಅದರಲ್ಲೂ ಭಾರತದ ದೇಸಿ ಹತ್ತಿಯನ್ನು ನೆಚ್ಚಿಕೊಂಡಿತು. ದೇಸಿ ಹತ್ತಿಯ ಗಿಡ್ಡ, ಒರಟು ಎಳೆ ಪುಟಿದೇಳುತ್ತದೆ, ಬೇಗ ಚಪ್ಪಟೆಯಾಗದು. ಗಿರಣಿಗೆ ದೋಷವಾದದ್ದೇ ಹಾಸಿಗೆಗೆ ಗುಣ. ಎರಡನೆಯ ಏಟು ಪಾಲಿಯೆಸ್ಟರ್‌ನದು.

ಇತ್ತ ಭಾರತದಲ್ಲಿ ತಳಿ ಸಂಶೋಧನೆಯೂ ಗಿರಣಿಯ ಅಳತೆಗೋಲನ್ನೇ ಹಿಡಿಯಿತು: ಎಳೆ ಉದ್ದವಾದಷ್ಟೂ ಶ್ರೇಷ್ಠ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ದೇಸಿ ತಳಿಗಳು ಮೂಲೆಗೆ ಸರಿದವು. ಧಾರವಾಡ ಸೀಮೆಯ ಕಪ್ಪು ಮಣ್ಣಿನಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಜಯಧರವೂ ಅವುಗಳಲ್ಲೊಂದು.

ಪಾಲಿಯೆಸ್ಟರ್ ಅಗ್ಗ, ಹಗುರ ಎನ್ನುತ್ತಾರೆ. ಹೌದು, ಅಂಗಡಿಯ ಬಾಗಿಲವರೆಗೆ. ಜಪಾನಿನ ನಗರಗಳಲ್ಲಿ ದೊಡ್ಡ ಗಾತ್ರದ ಕಸವಾಗಿ ಬಂದು ಬೀಳುವ ಹಾಸಿಗೆಗಳನ್ನು ಸಾಗಿಸಿ ಸುಡುವ ವೆಚ್ಚ ಆ ಬೆಲೆಯಲ್ಲಿ ಸೇರಿದೆಯೇ? ಹತ್ತಿಗೂ ನೀರು, ಕೀಟನಾಶಕ ಬೇಕಲ್ಲವೇ ಎಂಬ ಆಕ್ಷೇಪವಿದೆ. ಆಕ್ಷೇಪ ನಿಜ, ಆದ್ದರಿಂದಲೇ ಮಳೆಯಾಶ್ರಿತ ದೇಸಿ ಹತ್ತಿ ಬೇಕು, ಬೆಳೆದ ಹತ್ತಿಯನ್ನು ಮತ್ತೆ ಮತ್ತೆ ಹಿಂಜಿ ಬಳಸುವ ಕೈ ಬೇಕು.

ಕುಶಲಕರ್ಮಿಗೆ ಶಾಲು ಹೊದಿಸಿ ಸನ್ಮಾನಿಸಿದರೆ ಕಸುಬು ಉಳಿಯದು. ಕೃಷಿ ವಿಶ್ವವಿದ್ಯಾಲಯಗಳು ಪುಟಿಯುವ ಗುಣವನ್ನೂ ತಳಿಯ ಅರ್ಹತೆಯೆಂದು ಎಣಿಸಲಿ. ಗಿಡ್ಡ ಎಳೆಯನ್ನು ‘ಕೀಳು ದರ್ಜೆ’ ಎನ್ನುವುದನ್ನು ಮಾರುಕಟ್ಟೆ ನಿಲ್ಲಿಸಲಿ. ಹಳೆಯ ಹಾಸಿಗೆಯನ್ನು ಹಳ್ಳಕ್ಕೆಸೆಯುವ ಮುನ್ನ ಪಿಂಜಾರನ ವಿಳಾಸವನ್ನು ಪ್ರತಿ ಮನೆಯೂ ವಿಚಾರಿಸಲಿ.