ಪ್ರಾರ್ಥನೆಗೂ ಬಾಗಿಲು ಮುಚ್ಚಿದಾಗ

ಸಲಿಂಗಿಯೆಂದು ಪೆಂಟೆಕೋಸ್ಟಲ್ ಸಭೆ ಹೊರಹಾಕಿದ ಬೋಧಕ ಟ್ರಾಯ್ ಪೆರಿ, 1968ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲಿಸ್ ಬಳಿಯ ತಮ್ಮ ಮನೆಯಲ್ಲೇ ಆರಾಧನೆ ನಡೆಸಿದರು. ಬಂದವರು 12 ಮಂದಿ. ಮೆಟ್ರೋಪಾಲಿಟನ್ ಕಮ್ಯುನಿಟಿ ಚರ್ಚ್ ಹುಟ್ಟಿದ್ದು ಹಾಗೆ. 1973ರಲ್ಲಿ ನ್ಯೂ ಆರ್ಲಿಯನ್ಸ್‌ನ ಅಪ್‌ಸ್ಟೇರ್ಸ್ ಲೌಂಜ್ ಎಂಬ, ಸಲಿಂಗಿಗಳು ಸೇರುತ್ತಿದ್ದ ಬಾರಿಗೆ ಬೆಂಕಿ ಬಿದ್ದು 32 ಜನ ಸತ್ತರು. ಅವರಲ್ಲಿ ಈ ಚರ್ಚಿನ ಸ್ಥಳೀಯ ಪಾಸ್ಟರರೂ ಹಲವು ಸದಸ್ಯರೂ ಇದ್ದರು. ಸತ್ತವರಿಗಾಗಿ ಪ್ರಾರ್ಥಿಸಲು ಊರಿನ ಅನೇಕ ಚರ್ಚುಗಳು ಜಾಗ ಕೊಡಲಿಲ್ಲ. ಕೊಟ್ಟ ಎಪಿಸ್ಕೋಪಲ್ ಪಾದ್ರಿಯೊಬ್ಬರು ತಮ್ಮ ಬಿಷಪ್ಪರಿಂದಲೇ ಬೈಸಿಕೊಂಡರು. ನಗರಸಭೆ ಕ್ಷಮೆ ಕೇಳಿದ್ದು, ಅಬ್ಬಾ, 2022ರಲ್ಲಿ! ಇಂದು ಕೆಲವು ಚರ್ಚುಗಳು ಕಾಮನಬಿಲ್ಲಿನ ಬಾವುಟ ಹಾರಿಸಿ ಸಲಿಂಗಿಗಳನ್ನು ಸಂಭ್ರಮದಿಂದ ಕರೆಯುತ್ತಿವೆ. ಅದನ್ನು ಬರೀ ಫ್ಯಾಷನ್ ಎಂದು ಮೂಗು ಮುರಿಯುವವರು, ಹೆಣಕ್ಕೂ ಪ್ರಾರ್ಥನೆ ನಿರಾಕರಿಸಿದ್ದು ಯಾವ ಧರ್ಮವೆಂದು ಮೊದಲು ಹೇಳಲಿ.