ಮಕ್ಕಳಿಗೆ ತೋರಿಸಬೇಕಾದ ಮೈಸೂರು

ಡಿಸೆಂಬರ್, ಜನವರಿ ತಿಂಗಳುಗಳು ಬಂದುವೆಂದರೆ ಮೈಸೂರು ನಗರದ ದಾರಿಗಳು ಶಾಲಾ ಮಕ್ಕಳ ಬಸ್ಸುಗಳಿಂದ ತುಂಬಿಹೋಗುವುವು. ರಾತ್ರಿಯೆಲ್ಲ ನಿದ್ದೆಗೆಟ್ಟು ನಾಡಿನ ಮೂಲೆಮೂಲೆಗಳಿಂದ ಬಂದಿಳಿಯುವ ಈ ಮಕ್ಕಳಿಗೆ ಬೆಳಗಾಗುತ್ತಲೇ ಚಾಮುಂಡಿ ಬೆಟ್ಟ, ಅನಂತರ ಅರಮನೆ, ಮೃಗಾಲಯ, ಮಧ್ಯಾಹ್ನದ ಮೇಲೆ ಶ್ರೀರಂಗಪಟ್ಟಣ, ದೀಪ ಹೊತ್ತುವ ವೇಳೆಗೆ ಕೃಷ್ಣರಾಜಸಾಗರದ ಕಾರಂಜಿ, ಇಷ್ಟನ್ನೂ ಒಂದೇ ದಿನದಲ್ಲಿ ತೋರಿಸಿ ಮರಳಿ ಬಸ್ಸು ಹತ್ತಿಸುವುದು ವಾಡಿಕೆಯಾಗಿದೆ. ಹೆಜ್ಜೆಹೆಜ್ಜೆಗೂ ಮಕ್ಕಳ ತಲೆ ಎಣಿಸುತ್ತ, ಅವರ ಊಟ ನೀರಡಿಕೆಗಳನ್ನು ನೋಡಿಕೊಳ್ಳುವ ಉಪಾಧ್ಯಾಯರ ಶ್ರಮವನ್ನು ನಾವು ಲಘುವಾಗಿ ಎಣಿಸುವವರಲ್ಲ. ಆದರೆ ಈ ಓಟವನ್ನು ವಿದ್ಯಾಭ್ಯಾಸವೆಂದು ಕರೆಯಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆಯು.

ಒಂದು ನಿದರ್ಶನವನ್ನು ಕೊಡುವೆವು. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪವನ್ನು ಹಿಡಿದು ನಿಂತ ಹೆಣ್ಣುಮಗಳ ಚಿತ್ರವೊಂದಿದೆ. ಅದನ್ನು ಕಂಡು ಬೆರಗಾಗದವರಿಲ್ಲ. ಆದರೆ ಕಂಡವರಲ್ಲಿ ಬಹುಮಂದಿ ಅದು ರಾಜಾ ರವಿವರ್ಮನ ಕೃತಿಯೆಂದೇ ತಿಳಿದು ಹೊರಬರುವರು. ರವಿವರ್ಮನು 1906ರಲ್ಲಿಯೇ ಕಾಲವಾದನು; ಈ ಚಿತ್ರವನ್ನು ಅದಕ್ಕೆ ಸುಮಾರು 40 ವರ್ಷಗಳ ಅನಂತರ ತನ್ನ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದವನು ಸಾವಂತವಾಡಿಯ ಎಸ್. ಎಲ್. ಹಲ್ದಣಕರ್. ಹಿರಿಯರೇ ಹೀಗೆ ತಪ್ಪು ತಿಳಿದು ಬರುವಲ್ಲಿ ಮಕ್ಕಳ ಮಾತೇನು? ಆ ಚಿತ್ರದ ಮುಂದೆ ಕಾಲು ಗಂಟೆ ಕುಳ್ಳಿರಿಸಿ, “ಬರಿಯ ಬಣ್ಣದೊಳಗಿಂದ ಇಷ್ಟು ಬೆಳಕು ಹೇಗೆ ಬಂದಿತು?” ಎಂದು ಕೇಳಿದರೆ ಮಗುವು ಕಣ್ಣರಳಿಸಿ ನೋಡಲು ಕಲಿಯುವುದು.

ಅರಮನೆಯ ಸಂಗತಿಯೂ ಇದೇ. ಪಾದರಕ್ಷೆ ಕಳಚಿ ಸಾಲಾಗಿ ಒಳಹೊಕ್ಕ ಮಕ್ಕಳು ಹಿಂದಿನವರ ನೂಕಿಗೆ ಮುಂದೆ ಸರಿದು ಕ್ಷಣಮಾತ್ರದಲ್ಲಿ ಹೊರಬೀಳುವರು. ಹಳೆಯ ಮರದ ಅರಮನೆಯು 1897ರಲ್ಲಿ ರಾಜಕುಮಾರಿಯ ವಿವಾಹದ ಸಮಯದಲ್ಲಿ ಬೆಂಕಿಗೆ ಆಹುತಿಯಾದುದು, ಹೆನ್ರಿ ಇರ್ವಿನ್ನನ ನಕ್ಷೆಯಂತೆ 1912ರಲ್ಲಿ ಈಗಿನದು ಪೂರ್ತಿಯಾದುದು, ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋ ನಗರದಿಂದ ಬಂದುದು, ಅದೇ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯನ್ನು ನಮ್ಮ ನಾಡಿನ ಚಿತ್ರಗಾರರು ಬರೆದುದು, ಇವಾವುವೂ ಅವರ ಕಿವಿಗೆ ಬೀಳುವುದಿಲ್ಲ. ಮರದ ಮನೆ ಸುಟ್ಟಮೇಲೆ ಕಲ್ಲು ಕಬ್ಬಿಣಗಳಿಗೆ ಏಕೆ ಕೈಹಾಕಿದರೆಂದು ಕೇಳಿದರೆ ಹತ್ತು ವರ್ಷದ ಹುಡುಗನೂ ತಾನೇ ಉತ್ತರ ಹೇಳಿಯಾನು.

ಇನ್ನು 1891ರಲ್ಲಿ ಸ್ಥಾಪಿತವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಮುಂದೆ ನಿಲ್ಲುವ ಬಸ್ಸುಗಳು ವಿರಳ. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದುದು ಈ ಸಂಸ್ಥೆಯಿಂದಲೇ. ಲೋಕವು ಕಳೆದುಹೋಯಿತೆಂದು ಕೈಬಿಟ್ಟಿದ್ದ ಗ್ರಂಥವು ದೊರೆತ ಸ್ಥಳವಿದೆಂದು ಬಾಗಿಲಲ್ಲಿ ನಿಲ್ಲಿಸಿ ಹೇಳಿದರೂ ಸಾಕು. ಓದು ಎಂಬುದು ಪರೀಕ್ಷೆಗಷ್ಟೇ ಅಲ್ಲವೆಂಬುದು ಮಕ್ಕಳಿಗೆ ತಿಳಿದೀತು.

ಇದನ್ನು ಸಣ್ಣ ವಿಷಯವೆಂದು ಯಾರೂ ತಳ್ಳಿಹಾಕಲಾಗದು. ಪಟ್ಟಣದ ಮಗುವು ಬೇಕಾದಾಗ ಮತ್ತೆ ಬರಬಲ್ಲದು. ಹಳ್ಳಿಯ ಕೂಲಿಗಾರನ ಮಗುವಿಗಾದರೋ ಬಾಲ್ಯದಲ್ಲಿ ಇದೊಂದೇ ಸಲ. ಪ್ರವಾಸದ ಹಣಕ್ಕಾಗಿ ಆ ತಂದೆತಾಯಿಗಳು ಯಾವ ಖರ್ಚನ್ನು ಮುಂದಕ್ಕೆ ಹಾಕಿದರೋ ಬಲ್ಲವರಾರು? ಅವರ ದುಡ್ಡಿಗೆ ಪ್ರತಿಯಾಗಿ ಮಗುವಿಗೆ ಕಾಲುನೋವನ್ನೂ ತೂಕಡಿಕೆಯನ್ನೂ ಕೊಟ್ಟು ಕಳುಹಿಸುವುದು ನ್ಯಾಯವಲ್ಲ.

ಆದುದರಿಂದ ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿಯೂ ಮುಖ್ಯೋಪಾಧ್ಯಾಯರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ದಿನಕ್ಕೆ ಎರಡು ಸ್ಥಳಗಳಿಗಿಂತ ಹೆಚ್ಚು ಬೇಡ. ಹೊರಡುವ ಮುನ್ನ ಆ ಸ್ಥಳಗಳ ಕಥೆಯನ್ನು ತರಗತಿಯಲ್ಲಿ ಹೇಳಿರಲಿ. ಹಿಂದಿರುಗಿದ ಮೇಲೆ, ಕಂಡುದರಲ್ಲಿ ಮನಸ್ಸಿಗೆ ಹಿಡಿದ ಒಂದನ್ನು ಕುರಿತು ಮಕ್ಕಳು ಬರೆಯಲಿ. ಅರಮನೆ, ಚಿತ್ರಶಾಲೆಗಳ ಆಡಳಿತದವರೂ ಪ್ರವಾಸದ ಕಾಲದಲ್ಲಿ ಮಕ್ಕಳಿಗೆ ತಿಳಿಯುವ ಸರಳವಾದ ಕನ್ನಡದಲ್ಲಿ ವಿವರಿಸಬಲ್ಲವರನ್ನು ನೇಮಿಸಿ, ಬೆಳಗಿನ ಒಂದು ಗಂಟೆಯನ್ನು ಶಾಲೆಗಳಿಗೆಂದೇ ಮೀಸಲಿಟ್ಟರೆ ಮಹದುಪಕಾರವಾಗುವುದು.

ನಗರವಾಸಿಗಳಾದ ನಮ್ಮ ವಾಚಕರಿಗೂ ಒಂದು ಮಾತು. ದೂರದೂರಿನಿಂದ ನೆಂಟರು ಬಂದಾಗಲ್ಲದೆ ನಾವು ನಮ್ಮ ಊರಿನ ಚಿತ್ರಶಾಲೆಯನ್ನು ಹೊಗುವುದಿಲ್ಲ. ಮುಂದಿನ ಭಾನುವಾರ ಮಗುವಿನ ಕೈಹಿಡಿದು ಒಂದೇ ಒಂದು ಚಿತ್ರವನ್ನು ನೋಡಿ ಬರೋಣ. ಹತ್ತು ಕಡೆ ಕಾಲಿಟ್ಟು ಬಂದ ಮಗುವಿಗಿಂತ ಒಂದು ಕಡೆ ಕಣ್ಣಿಟ್ಟು ಬಂದ ಮಗುವೇ ತನ್ನ ನಾಡನ್ನು ಬಲ್ಲದು.